ಕೊನೆಯಲ್ಲಿ ಬರುವ ಹೆಸರುಗಳು

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸೊಸೆ ಗೆರೆ ಎಳೆದ ಹಾಳೆಯೊಂದನ್ನು ತಂದು ಟಿವಿ ಮುಂದಿನ ಮೇಜಿನ ಮೇಲೆ ಹರಡಿದಳು. ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸದಿದ್ದರೆ ಅವಳಿಗೆ ಸಮಾಧಾನವಿಲ್ಲ. ಇಂಟರ್‌ನೆಟ್ಟಿನಲ್ಲಿ ಬೇಕೆಂದಾಗ ಸಿನಿಮಾ ತೋರಿಸುವ ಮೂರು ಕಂಪನಿಗಳನ್ನು ಮನೆಯವರು ಒಂದು ತಿಂಗಳಿಂದ ಪುಕ್ಕಟೆಯಾಗಿ ನೋಡುತ್ತಿದ್ದರು. ಪುಕ್ಕಟೆಯ ಕಾಲ ಇವತ್ತು ರಾತ್ರಿಗೆ ಮುಗಿಯುತ್ತಿತ್ತು. ಒಂದನ್ನು ಇಟ್ಟುಕೊಂಡು ಉಳಿದೆರಡಕ್ಕೆ ಕೈಮುಗಿಯಬೇಕು. ಕಂಪನಿಗಳ ಹೆಸರು ಯಾರ ನಾಲಿಗೆಗೂ ಹೊರಳದ್ದರಿಂದ, ಅವುಗಳ ಗುರುತಿನ ಚಿತ್ರ ನೋಡಿ ದೋಣಿ, ಗಿಳಿ, ಕೊಡೆ ಎಂದು ತಾವೇ ನಾಮಕರಣ ಮಾಡಿಕೊಂಡಿದ್ದರು.

"ನನ್ನ ಓಟು ದೋಣಿಗೆ," ಅಂದರು ಟೈಲರಮ್ಮ. ನಲವತ್ತು ವರ್ಷ ಬಟ್ಟೆ ಹೊಲಿದ ಆಕೆಯನ್ನು ಬೀದಿಯಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. "ಆ ಕೋರ್ಟು ಧಾರಾವಾಹಿ ಇರೋದು ಅದ್ರಲ್ಲಿ ಮಾತ್ರ."

"ಚಿತ್ರ ಚೊಕ್ಕ, ಸಿನಿಮಾ ಜಾಸ್ತಿ, ಒಂದೇ ಸಲಕ್ಕೆ ನಾಲ್ಕು ಜನ ನೋಡ್ಬಹುದು," ಎಂದು ಸೊಸೆ ಹಾಳೆಯ ಮೇಲೆ ಬೆರಳಾಡಿಸಿದಳು. "ಗಿಳಿ ಎರಡನೇದು. ಕೊಡೆ ಕೊನೇದು. ಅದು ಗಿರಗಿರ ಸುತ್ತುತ್ತೆ ಅಷ್ಟೇ, ಮುಂದಕ್ಕೆ ಹೋಗಲ್ಲ."

"ನನಗೆ ಕೊಡೆ ಬೇಕು," ಅಂದರು ಆಪರೇಟರು.

ಆಪರೇಟರೆಂದರೆ ಟೈಲರಮ್ಮನ ಗಂಡ. ಮೂವತ್ತೊಂದು ವರ್ಷ ಚಿತ್ರಮಂದಿರದ ಮೇಲಿನ ಕೋಣೆಯಲ್ಲಿ ನಿಂತು ರೀಲು ಓಡಿಸಿದವರು.

"ಊರಿಗೆಲ್ಲ ಒಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ," ಎಂದು ಹೆಂಡತಿ ನಕ್ಕರು. "ತಿಂಗಳಿಂದ ನೋಡ್ತಿದ್ದೀನಿ ಕಣಮ್ಮ, ನಿಮ್ಮ ಮಾವ ಒಂದು ಸಿನಿಮಾನೂ ನೆಟ್ಟಗೆ ನೋಡಿಲ್ಲ. ಹಾಕೋದು, ಸೀದಾ ಕೊನೆಗೆ ಓಡಿಸೋದು, ಮುಗೀತು ಅಂತ ಎದ್ದು ಹೋಗೋದು."

ಮಾತು ನಿಜವೇ. ಆಪರೇಟರು ಈ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಸಿನಿಮಾಗಳ ಬಾಲವನ್ನಷ್ಟೇ ನೋಡಿದ್ದರು. ಸೊಸೆಯ ಹಾಳೆಯಲ್ಲಿ ಎಂಟು ಅಂಕಣವಿದ್ದರೆ ಅವರ ತಲೆಯಲ್ಲಿದ್ದದ್ದು ಒಂದೇ: ಕಥೆ ಮುಗಿದ ಮೇಲೆ, ಕೆಲಸ ಮಾಡಿದವರ ಹೆಸರನ್ನು ಇವರು ಪೂರ್ತಿ ತೋರಿಸುತ್ತಾರೋ ಇಲ್ಲವೋ?

ಅದಕ್ಕೆ ಕಾರಣವಿತ್ತು. ಮದುವೆಯಾದ ಎರಡನೇ ವರ್ಷ ಒಂದು ಯುದ್ಧದ ಸಿನಿಮಾಕ್ಕೆ ನಾನೂರು ಸೈನಿಕರ ಅಂಗಿ ಬೇಕಾಗಿ, ತಗಡಿನ ಶೆಡ್ಡಿನಲ್ಲಿ ಆರು ಹೆಂಗಸರು ಇಪ್ಪತ್ತು ದಿನ ಹೊಲಿದಿದ್ದರು. ಟೈಲರಮ್ಮ ಅವರಲ್ಲೊಬ್ಬರು. ಕೊನೆಯಲ್ಲಿ ಹೆಸರು ಹಾಕಿದ್ದಾರೆಂದು ಯಾರೋ ಕಿವಿಗೆ ಹಾಕಿದ್ದರು. ಸಿನಿಮಾ ಗಂಡನ ಚಿತ್ರಮಂದಿರಕ್ಕೇ ಬಂತು. ಆಕೆ ತಾನೇ ಹೊಲಿದ ಹೊಸ ರವಿಕೆ ತೊಟ್ಟು, ಮುಂದಿನ ಸಾಲಿನಲ್ಲಿ ಕೂತು, ಮೂರು ತಾಸು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಕಥೆ ಮುಗಿಯಿತು, ಹೆಸರುಗಳು ಮೇಲೇಳತೊಡಗಿದವು. ಮೇಲಿನ ಕೋಣೆಯಲ್ಲಿ ಗಂಡನ ಕೈ ತನ್ನ ಪಾಡಿಗೆ ತಾನು ದೀಪ ಹಾಕಿ ಯಂತ್ರ ನಿಲ್ಲಿಸಿಬಿಟ್ಟಿತು. ಮುಂದಿನ ಆಟಕ್ಕೆ ಹೊರಗೆ ಜನ ನಿಂತಿರುತ್ತಾರೆ, ಕಸ ಗುಡಿಸಬೇಕು. ದಿನಕ್ಕೆ ನಾಲ್ಕು ಸಲ ಮಾಡುವ ಕೆಲಸ. ಅಂದು ಹೆಂಡತಿ ಕೆಳಗೆ ಕೂತಿದ್ದಾಳೆಂಬುದು ಕೈಗೆ ನೆನಪಾಗಲಿಲ್ಲ.

"ನಾಳೆ ಬಾ, ತೋರಿಸ್ತೀನಿ," ಎಂದು ಆಪರೇಟರು ಗೋಗರೆದರು. "ನನ್ನ ಹೆಸರು ನೋಡೋಕೆ ಎರಡೆರಡು ಸಲ ಬರೋಕೆ ನಾನೇನು ಮಹಾರಾಣಿನಾ?" ಅಂದರು ಆಕೆ. ಐದನೇ ದಿನ ರೀಲಿನ ಡಬ್ಬಿಗಳು ಬೇರೆ ಊರಿಗೆ ಹೋದವು. ಆಮೇಲೆ ನೆಂಟರ ಮುಂದೆ ಆಕೆ ಇದನ್ನೇ ತಮಾಷೆ ಮಾಡುತ್ತಿದ್ದರು: ನನ್ನ ಹೆಸರು ನುಂಗಿದ್ದು ನನ್ನ ಗಂಡನೇ. ಎಲ್ಲರೂ ನಗುತ್ತಿದ್ದರು, ಆಪರೇಟರೂ ನಗುತ್ತಿದ್ದರು. ಆದರೆ ಪ್ರತಿ ಸಲವೂ ಅವರಿಗೆ ನಾಚಿಕೆಯಾಗುತ್ತಿತ್ತು.

ಹಿಂದೊಮ್ಮೆ ಮೊಬೈಲು ರಿಪೇರಿಯವನು ಅದೇ ಸಿನಿಮಾದ ಕದ್ದ ಪ್ರತಿ ತಂದುಕೊಡುತ್ತೇನೆ ಅಂದಿದ್ದ. "ಟಿಕೆಟ್ ಇಲ್ದೆ ನನ್ನ ಭಾವಮೈದನನ್ನೇ ಒಳಗೆ ಬಿಟ್ಟವನಲ್ಲ ನಾನು," ಎಂದು ಇವರು ಅಟ್ಟಿದ್ದರು. ಈಗ ನ್ಯಾಯವಾಗಿಯೇ ನೋಡಬಹುದು: ಆ ಸಿನಿಮಾ ಮೂರೂ ಕಡೆ ಇತ್ತು. ಆದರೆ ದೋಣಿಯಲ್ಲಿ ಯಾವ ಸಿನಿಮಾದ್ದೇ ಆಗಲಿ, ಹೆಸರು ಶುರುವಾದೊಡನೆ ಚಿತ್ರ ಮೂಲೆಗೆ ಮುದುಡಿ, ಐದು ಎಣಿಸುವಷ್ಟರಲ್ಲಿ ಮುಂದಿನದು ಹತ್ತಿಕೊಳ್ಳುತ್ತಿತ್ತು. ಗಿಳಿಯಲ್ಲಿ ಹಳೆಯ ಸಿನಿಮಾಗಳ ಬಾಲವನ್ನೇ ಕತ್ತರಿಸಿದ್ದರು. ಕೊಡೆ ಮಾತ್ರ ಹೆಸರನ್ನೆಲ್ಲ ಕೊನೆಯ ಸಾಲಿನವರೆಗೂ ಬಿಡುತ್ತಿತ್ತು. ಇಷ್ಟು ತಿಳಿದೂ ಹೆಂಡತಿಯ ಸಿನಿಮಾವನ್ನು ಮಾತ್ರ ಅವರು ಮುಟ್ಟಿರಲಿಲ್ಲ. ಅವಳ ಹೆಸರನ್ನು ಅವಳಿಗಿಂತ ಮೊದಲು ನೋಡುವ ಹಕ್ಕು ತನಗಿಲ್ಲವೆಂದು ಅವರಿಗೆ ಅನ್ನಿಸಿತ್ತು.

"ಒಂದೇ ಒಂದು ಸಲ ನೋಡ್ರಿ, ಆಮೇಲೆ ಬೇಡ ಅನ್ರಿ," ಎಂದು ಆಪರೇಟರು ರಿಮೋಟು ತೆಗೆದುಕೊಂಡರು.

ಕೊಡೆ ಬಿಚ್ಚಿಕೊಂಡಿತು. ಯುದ್ಧಭೂಮಿ ಕಂಡದ್ದೇ ಟೈಲರಮ್ಮನ ನಗು ನಿಂತಿತು. ಮೂವತ್ತೆಂಟು ವರ್ಷದ ಮೇಲೆ ನೋಡಿದರೂ ಆಕೆಗೆ ತನ್ನ ಅಂಗಿಗಳ ಗುರುತು ಸಿಕ್ಕಿತು. ಆಪರೇಟರು ಕೊನೆಗೆ ಓಡಿಸಿದರು. ರಾಜ ಕುದುರೆಯಿಂದಿಳಿದ, ಪರದೆ ಕಪ್ಪಾಯಿತು, ಮೊದಲ ಹೆಸರುಗಳು ಮೇಲೇರಿದವು. ಅಷ್ಟರಲ್ಲಿ ನಡುವೆ ಚಕ್ರವೊಂದು ಬಂದು ಗಿರಗಿರ ಸುತ್ತತೊಡಗಿತು.

"ಶುರುವಾಯ್ತು ನೋಡಿ," ಅಂದಳು ಸೊಸೆ. ಅತ್ತೆಯ ಮುಖ ನೋಡಿ ಹಾಳೆಯನ್ನು ಪಕ್ಕಕ್ಕೆ ಸರಿಸಿದಳು.

ಚಕ್ರ ಸುತ್ತುತ್ತಲೇ ಇತ್ತು. ಈ ಪ್ರತಿಯೂ ಇಲ್ಲಿಗೇ ತುಂಡಾಗಿದ್ದರೆ? ಹೆಸರು ಹಾಕಿದ್ದೇ ಸುಳ್ಳಾಗಿದ್ದರೆ? ಆಪರೇಟರು ರಿಮೋಟನ್ನು ಪರದೆಗೆ ಹಿಡಿದೇ ಕೂತರು.

ಚಕ್ರ ಹೋಯಿತು. ಬಡಗಿಗಳು ಬಂದರು, ಬಣ್ಣದವರು ಬಂದರು, ಕುದುರೆ ನೋಡಿಕೊಂಡವರು ಬಂದರು. ಆಮೇಲೆ 'ವಸ್ತ್ರ ವಿಭಾಗ'. ಅದರ ಕೆಳಗೆ ಆರು ಹೆಸರು, ಮೂರನೆಯದು ಟೈಲರಮ್ಮನದು. ತವರಿನ ಹೆಸರೂ ಸೇರಿ ಪೂರ್ತಿಯಾಗಿ ಇತ್ತು.

"ಹಿಂದಕ್ಕೆ ಹಾಕ್ರಿ," ಅಂದರು ಟೈಲರಮ್ಮ. ಆಪರೇಟರು ಹಾಕಿದರು. ಮೂರನೇ ಸಲಕ್ಕೆ ಪರದೆಯನ್ನು ಅಲ್ಲೇ ನಿಲ್ಲಿಸಿದರು.

"ಅವತ್ತು ತಪ್ಪಾಯ್ತು ಕಣೇ," ಅಂದರು.

"ಗೊತ್ತಿದೆ ಸುಮ್ನಿರಿ, ಓದೋಕೆ ಬಿಡಿ." ಆಕೆ ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡರು, ಒರೆಸಬೇಕಾಗಿದ್ದದ್ದು ಕಣ್ಣು. ಆಪರೇಟರಿಗೆ ಜೀವ ಹಗುರಾಯಿತು. ಇಷ್ಟು ಸುಖವಾಗಿ ಅವರು ಯಾವ ಸಿನಿಮಾವನ್ನೂ ನೋಡಿರಲಿಲ್ಲ.

ಸೊಸೆ ಸದ್ದಿಲ್ಲದೆ ತನ್ನ ಹಾಳೆಯಲ್ಲಿ ದೋಣಿಯ ಮೇಲೆ ಗೀಟು ಎಳೆದಳು. "ನಿಮ್ಮ ಕೋರ್ಟು ಧಾರಾವಾಹಿ ಏನ್ಮಾಡ್ತೀರಿ ಅತ್ತೆ?"

"ಆ ವಕೀಲ ಹೇಗೂ ಗೆಲ್ತಾನೆ ಬಿಡು," ಎಂದ ಟೈಲರಮ್ಮನ ಕಣ್ಣು ಆಗಲೇ ಪರದೆಯ ಮೇಲೆ ಒಂದು ಸಾಲು ಕೆಳಗಿಳಿದಿತ್ತು. "ರೀ, ನೋಡ್ರಿ ಇಲ್ಲಿ, ಗುಂಡಿಯಮ್ಮ!"

ಶೆಡ್ಡಿನಲ್ಲಿ ನಾನೂರು ಅಂಗಿಗಳಿಗೂ ಒಬ್ಬಳೇ ಗುಂಡಿ ಹಾಕಿದ ಗೆಳತಿಗೆ ಉಳಿದ ಐವರು ಇಟ್ಟ ಹೆಸರದು. ಮೂರು ಬೀದಿ ಆಚೆ ಮಗಳ ಮನೆಯಲ್ಲಿದ್ದಳು. ಟೈಲರಮ್ಮ ಆಗಲೇ ಫೋನು ಎತ್ತಿಕೊಂಡು ಎಲ್ಲರಿಗೂ ಕೇಳುವಂತೆ ಹಾಕಿದ್ದರು.

"ಲೇ, ಯುದ್ಧದ ಸಿನಿಮಾದಲ್ಲಿ ಹೆಸರು ಸಿಕ್ತು ಕಣೇ!"

"ಅಂತೂ ನಿನ್ನ ಹೆಸರು ನೋಡಿದ್ಯಲ್ಲ, ಬಿಡು," ಅಂತು ಆ ಕಡೆಯ ದನಿ. "ನೀನೂ ಎಷ್ಟು ವರ್ಷದಿಂದ ಹೇಳ್ತಿದ್ದೆ."

"ನಿಂದೂ ಇದೆ."

"ನಂದಾ? ನಾನು ಗುಂಡಿ ಹಾಕಿದ್ದು ಅಷ್ಟೇ."

"ನನ್ನ ಕೆಳಗೇ ಇದೆ. ದಪ್ಪ ಅಕ್ಷರದಲ್ಲಿ."

ಆ ಕಡೆ ಚಪ್ಪಲಿ ಎಲ್ಲಿ ಎಂದು ಮಗಳನ್ನು ಕೂಗಿದ್ದು ಕೇಳಿಸಿತು. ಆಮೇಲೆ ಗುಂಡಿಯಮ್ಮ ಕೇಳಿದಳು: "ಈಗ್ಲೇ ಬರ್ಲಾ?"