ವಾಜಿದಾ ಎಂಬ ಖಾಲಿ ಪುಟ

ಕಳೆದುಹೋದವರನ್ನು ಇಂಟರ್ನೆಟ್ಟಿನಲ್ಲಿ ಹುಡುಕಲು ಕೂರಬಾರದು. ಕೂತರೆ ಅವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಸಿಗುತ್ತಾರೆ. ಕೋಕಿಲಾಳಿಗೆ ಹಾಗೆ ಸಿಕ್ಕ ವಾಜಿದಾಗಳಿಗೆ ಲೆಕ್ಕವಿರಲಿಲ್ಲ. ಶಾರ್ಜಾದಲ್ಲಿ ರಕ್ತದಾನ ಮಾಡಿದ ವಾಜಿದಾ, ಹೈದರಾಬಾದಿನ ಅಡುಗೆ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಹೊಡೆದ ವಾಜಿದಾ, ಎಲ್ಲೋ ಹೊಲಿಗೆ ಕ್ಲಾಸು ನಡೆಸುವ ವಾಜಿದಾ. ಇಂಗ್ಲಿಷಿನಲ್ಲಿ ಒಬ್ಬೊಬ್ಬಳಿಗೂ ಒಂದೊಂದು ಸ್ಪೆಲಿಂಗು. ಯಾರೂ ಅವಳ ವಾಜಿದಾ ಅಲ್ಲ. ಆದರೂ ಪ್ರತಿ ಪುಟಕ್ಕೂ ಬುಕ್‌ಮಾರ್ಕ್ ಹಾಕಿಟ್ಟುಕೊಳ್ಳುತ್ತಿದ್ದಳು, ನಾಳೆ ಯಾವುದಾದರೂ ಎಳೆ ಸಿಕ್ಕೀತು ಎಂಬ ಆಸೆಯಿಂದ.

ಆಸೆ ಇವಳದು, ಪುಟ ಬೇರೆಯವರದು. ಕೆಲವು ತಿಂಗಳು ಬಿಟ್ಟು ಒತ್ತಿದರೆ ಅರ್ಧಕ್ಕರ್ಧ ಮಾಯವಾಗಿರುತ್ತಿದ್ದವು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಒಂದು ಹಳೆಯ ಫೋಟೋ ಯಾರದೋ ಪುಟದಲ್ಲಿತ್ತು. ಅದರ ಮೂಲೆಯಲ್ಲಿ ವಾಜಿದಾಳ ಅಪ್ಪನ ಹೊಲಿಗೆ ಮಿಷನ್ ರಿಪೇರಿ ಅಂಗಡಿಯ ಬಾಗಿಲು ಕಾಣುತ್ತಿತ್ತು. ಒಂದು ದಿನ ಅದನ್ನು ಒತ್ತಿದಾಗ ಪುಟ ಸಿಗಲಿಲ್ಲ ಎಂದು ಬಂತು. ಅವತ್ತು ಕೋಕಿಲಾ ಊಟ ಬಿಟ್ಟು ಮಲಗಿದಳು. ಅಂಗಡಿ ನಿಜವಾಗಿ ಮುಚ್ಚಿದಾಗ ಕೂಡ ಅವಳಿಗೆ ಅಷ್ಟು ಸಂಕಟವಾಗಿರಲಿಲ್ಲ.

ಕೋಕಿಲಾ ವಿಮಾ ಕಚೇರಿಯ ಉದ್ಯೋಗಿ. ನಿವೃತ್ತ ಫ್ಯಾಕ್ಟರಿ ನೌಕರರಾದ ತಂದೆ ವೆಂಕಟಸುಬ್ಬಯ್ಯನವರ ಜೊತೆ ಇಂದಿರಾನಗರದ ಪಕ್ಕದ ಸ್ಟಾಫ್ ಕಾಲೊನಿಯಲ್ಲಿ ವಾಸ. ಮದುವೆ ಆಗಿರಲಿಲ್ಲ, ಆ ಕಥೆ ಇಲ್ಲಿ ಬೇಡ. ವಾಜಿದಾ ಅವಳಿಗೆ ಸಿಕ್ಕಿದ್ದು ಶಿವಾಜಿನಗರದ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ, ಕೋಕಿಲಾ ತುಮಕೂರಿನಿಂದ ಹೊಸದಾಗಿ ಬಂದು ಸೇರಿಕೊಂಡ ದಿನ. ಪಕ್ಕದಲ್ಲಿ ಕೂತ ಹುಡುಗಿಗೆ ಡಬ್ಬಿಯ ಕೋಡುಬಳೆ ಚಾಚಿದಳು. ಆ ಹುಡುಗಿ ಕೈ ಅಡ್ಡ ಹಿಡಿದು "ನಕ್ಕೋ" ಅಂದಳು.

ಬೆಂಗಳೂರು ದಂಡಿನ ಉರ್ದುವಿನಲ್ಲಿ ನಕ್ಕೋ ಅಂದರೆ ಬೇಡ ಎಂದು ತುಮಕೂರಿನ ಹುಡುಗಿಗೆ ಹೇಗೆ ಗೊತ್ತಾಗಬೇಕು? ನಕ್ಕುಬಿಡು ಅನ್ನುತ್ತಿದ್ದಾಳೆ ಅಂದುಕೊಂಡಳು. ಹೊಸ ಊರು, ಹೊಸ ಸ್ಕೂಲು, ಹೇಳಿದ್ದನ್ನು ಕೇಳಿಬಿಡೋಣ ಎಂದು ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು. ಆ ಹುಡುಗಿ ಕಣ್ಣು ಬಿಟ್ಟು ನೋಡಿ ಇನ್ನೊಮ್ಮೆ "ನಕ್ಕೋ, ನಕ್ಕೋ" ಅಂದಳು. ಇವಳು ಇನ್ನೂ ಜೋರಾಗಿ ನಕ್ಕಳು. ಕೊನೆಗೆ ಇಬ್ಬರೂ ನಗುತ್ತಾ ಟೀಚರ್ ಕೈಲಿ ಬೈಸಿಕೊಂಡು, ಹೊರಗೆ ನಿಂತು ಕೋಡುಬಳೆ ಮುಗಿಸಿದರು. ಅಲ್ಲಿಂದ ಮುಂದೆ ಆ ಪದಕ್ಕೆ ಅವರಿಬ್ಬರ ನಡುವೆ ಎರಡೂ ಅರ್ಥ. ತೊಂಬತ್ತನಾಲ್ಕರಲ್ಲಿ ವಾಜಿದಾಳ ಮದುವೆಯ ಹಿಂದಿನ ದಿನ ಕೋಕಿಲಾ ಬಿಕ್ಕಿ ಬಿಕ್ಕಿ ಅಳುವಾಗ, ಮೆಹಂದಿ ಒಣಗದ ಕೈಗಳನ್ನು ಎತ್ತಿ ಹಿಡಿದುಕೊಂಡೇ ಅವಳು ಹೇಳಿದ ಮಾತೂ ಅದೇ. ಅಳಬೇಡ ಎಂದೋ, ನಗು ಎಂದೋ, ಕೇಳುವ ಅಗತ್ಯ ಬೀಳಲಿಲ್ಲ.

ಮದುವೆಯಾಗಿ ಗುಂತಕಲ್ಲಿಗೆ ಹೋದಳು. ಆ ಮನೆಯವರು ಅಲ್ಲಿಂದ ಇನ್ನೆಲ್ಲಿಗೋ ಹೋದರು. ಇಲ್ಲಿ ಅವಳ ಅಪ್ಪ ತೀರಿಕೊಂಡರು, ಅಂಗಡಿ ಇನ್ಯಾರದೋ ಆಯಿತು. ಅಲ್ಲಿಗೆ ದಾರಿ ಕಡಿದುಹೋಯಿತು.

ಎರಡು ಸಾವಿರದ ಆರರಲ್ಲಿ ಕೋಕಿಲಾ ತನ್ನ ಬುಕ್‌ಮಾರ್ಕುಗಳ ಗೋಳನ್ನು ಆಫೀಸಿನ ಕಂಪ್ಯೂಟರ್ ವಿಭಾಗದ ವಿಶ್ರುತನ ಹತ್ತಿರ ಹೇಳಿಕೊಂಡಳು. ರಾಮಮೂರ್ತಿ ನಗರದಿಂದ ಬೈಕಿನಲ್ಲಿ ಬರುವ ವಿಶ್ರುತನಿಗೆ ಸಾಫ್ಟ್‌ವೇರ್ ಆರಿಸಿಕೊಡುವುದೆಂದರೆ ಮದುವೆ ದಲ್ಲಾಳಿಗೆ ಜಾತಕ ಸಿಕ್ಕ ಹಾಗೆ.

"ನಿಮಗೆ ಬೇಕಿರೋದು ವಿಕಿ ಮೇಡಂ. ಒಂದ್ ಪುಟದಲ್ಲಿ ಒಂದ್ ಹೆಸರು ಬರೀರಿ, ಅದನ್ನ ಒತ್ತಿದ್ರೆ ಆ ಹೆಸರಿನ ಪುಟಕ್ಕೇ ಹೋಗುತ್ತೆ. ನೆಟ್‌ನಲ್ಲಿ ನೋಡಿದ್ದೆಲ್ಲ ಕಾಪಿ ಮಾಡಿ ಒಳಗೆ ಇಟ್ಕೋಬಹುದು. ಅವ್ರು ಅಳಿಸಿದ್ರೂ ನಿಮ್ಮತ್ರ ಇರುತ್ತೆ. ನಾನ್ ಭಾನುವಾರ ಬರ್ತೀನಿ."

ಭಾನುವಾರ ಬಂದವನು ಹಾಕಿಕೊಟ್ಟ ಮೊದಲನೆಯದು ಇಂಗ್ಲಿಷ್ ಬಿಟ್ಟರೆ ಇನ್ನೊಂದು ಭಾಷೆ ಕಂಡದ್ದಲ್ಲ. ಎರಡು ಪದ ಅಂಟಿಸಿ, ಎರಡರ ಮೊದಲಿಗೂ ಕ್ಯಾಪಿಟಲ್ ಎಂಬ ದೊಡ್ಡಕ್ಷರ ಹಾಕಿದರೆ ಮಾತ್ರ ಅದು ಇನ್ನೊಂದು ಪುಟಕ್ಕೆ ಕೊಂಡಿಯಾಗುತ್ತಿತ್ತು. ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿಂದ ತರುವುದು?

"ನಮ್ಮಲ್ಲಿ ಎಲ್ಲಾ ಅಕ್ಷರಾನೂ ದೊಡ್ಡದೇ ಕಣಪ್ಪಾ" ಅಂದರು ವೆಂಕಟಸುಬ್ಬಯ್ಯನವರು, ಪೇಪರಿನ ಹಿಂದಿನಿಂದ.

"ಇಂಗ್ಲಿಷ್‌ನಲ್ಲೇ ಬರೀಬಹುದಲ್ಲ ಮೇಡಂ?"

"ಆಗಲ್ಲ ವಿಶ್ರುತ್. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನಾವಿಬ್ರೂ ಓದಿದ್ದು ಕನ್ನಡದಲ್ಲಿ." ಹೇಳಿದ ಮೇಲೆ ಕೋಕಿಲಾಳಿಗೇ ಹೊಳೆಯಿತು, ತಾನು ಬರೆಯಹೊರಟಿರುವುದು ತನಗೋಸ್ಕರ ಅಲ್ಲ ಎಂದು.

ಇನ್ನೊಂದು ವಾರ ತಂದದ್ದು ಮರದ ಹಾಗೆ ಕೊಂಬೆ ಕೊಂಬೆಯಾಗಿ ಜೋಡಿಸುವ ಸಾಫ್ಟ್‌ವೇರು. ಅದರಲ್ಲಿ ಪ್ರತಿಯೊಂದಕ್ಕೂ ಒಂದೇ ಜಾಗ. ಹಲಸೂರು ಕೆರೆಯ ಕಟ್ಟೆಯನ್ನು ಹಲಸೂರಿನ ಕೆಳಗೆ ಇಡಬೇಕೋ, ಪರೀಕ್ಷೆಗೆ ಓದುವ ನೆಪದಲ್ಲಿ ಅಲ್ಲಿ ಕಳೆದ ಸಂಜೆಗಳ ಕೆಳಗೋ? ಕೋಕಿಲಾ ಅದನ್ನೂ ವಾಪಸ್ ಕಳಿಸಿದಳು. ಆಮೇಲೆ ಬಂದದ್ದು ವಿಶ್ರುತನ ಮೆಚ್ಚಿನದು: ಇಡೀ ವಿಕಿ ಒಂದೇ ಫೈಲು, ಪೆನ್‌ಡ್ರೈವಿನಲ್ಲಿ ಹಾಕಿ ಪರ್ಸಿನಲ್ಲಿ ಇಟ್ಟುಕೊಳ್ಳಬಹುದು, ಕನ್ನಡವೂ ಬರುತ್ತದೆ. ಕೋಕಿಲಾಳಿಗೂ ಹಿಡಿಸಿತು. ಆದರೆ ಪರ್ಸಿನೊಳಗೆ ಕೂತದ್ದನ್ನು ವಾಜಿದಾ ಓದುವುದು ಹೇಗೆ?

"ಯಾರು ಬೇಕಾದ್ರೂ ಓದೋ ಥರದ್ದು ಇಲ್ವಾ?"

"ಇದೆ ಮೇಡಂ, ನೆಟ್‌ನಲ್ಲೇ ಇರುತ್ತೆ. ಆದ್ರೆ ಯಾರು ಬೇಕಾದ್ರೂ ಬರೀಲೂಬಹುದು. ಮನೆ ಬಾಗಿಲು ತೆಗೆದಿಟ್ಟು ಊರಿಗೆ ಹೋದಂಗೆ. ಬೇಡ ಅನ್ಸುತ್ತೆ ನಂಗೆ."

ಕೋಕಿಲಾಳಿಗೆ ಬೇಕಿದ್ದದ್ದು ಆ ತೆರೆದ ಬಾಗಿಲೇ. ಅದನ್ನೇ ಆರಿಸಿದಳು.

ಆ ವಿಕಿಗೆ ಒಂದು ಗುಣವಿತ್ತು. ಇನ್ನೂ ಬರೆಯದ ಪುಟದ ಹೆಸರು ಎಲ್ಲಿ ಬಂದರೂ ಅದರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಮೂಡುತ್ತಿತ್ತು. ಗೊತ್ತಿದ್ದವರು ಅದನ್ನು ಒತ್ತಿ ಬರೆಯಬಹುದು. ಕೋಕಿಲಾ ರಸೆಲ್ ಮಾರ್ಕೆಟ್ಟಿನ ಪುಟ ಬರೆದಳು, ಹೈಸ್ಕೂಲಿನದು ಬರೆದಳು, ಕೆರೆಯ ಕಟ್ಟೆಯದು, ಹೊಲಿಗೆ ಮಿಷನ್ನಿನ ಎಣ್ಣೆ ವಾಸನೆಯದು. ನೆಟ್ಟಿನಿಂದ ಹೆಕ್ಕಿದ ಫೋಟೋ, ವರದಿಗಳನ್ನೆಲ್ಲ ಅದರದರ ಜಾಗದಲ್ಲಿ ಕೂರಿಸಿದಳು. ಎಲ್ಲ ಪುಟಗಳಲ್ಲೂ ಆ ಒಂದು ಹೆಸರು ಬರುತ್ತಿತ್ತು: ವಾಜಿದಾ, ಪಕ್ಕದಲ್ಲಿ ಪ್ರಶ್ನಾರ್ಥಕ. ಅವಳ ಪುಟವನ್ನು ಮಾತ್ರ ಕೋಕಿಲಾ ಮುಟ್ಟಲಿಲ್ಲ. ಈಗ ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ಬರೆಯಲು ಅವಳಿಗೇನು ಗೊತ್ತಿತ್ತು? ಅದನ್ನು ಬರೆಯಬೇಕಾದವಳು ವಾಜಿದಾ. ಆಗ ನೆಟ್ಟಿನಲ್ಲಿ ಕನ್ನಡ ಇದ್ದದ್ದೇ ಬೊಗಸೆಯಷ್ಟು. ಅವಳು ಎಂದಾದರೊಮ್ಮೆ ತನ್ನ ಗಲ್ಲಿಯ ಹೆಸರನ್ನು ಕನ್ನಡದಲ್ಲಿ ಹುಡುಕಿದರೆ ಇಲ್ಲಿಗಲ್ಲದೆ ಇನ್ನೆಲ್ಲಿಗೆ ಬರಬೇಕು? ಇನ್ನೊಂದನ್ನೂ ಕೋಕಿಲಾ ಬರೆಯಲಿಲ್ಲ. ನಕ್ಕೋ ಎಂಬ ಪದವನ್ನು. ಅದನ್ನು ಊರಿಗೆಲ್ಲ ಹಂಚಲು ಮನಸ್ಸು ಬರಲಿಲ್ಲ.

ವಾಜಿದಾ ಬರಲಿಲ್ಲ. ಬಂದವರು ಗಡಿಯಾರ ಮಾರುವವರು, ಗುಳಿಗೆ ಮಾರುವವರು, ಸಾಲ ಕೊಡುವವರು. ಯಾವ ದೇಶದವರೋ ಏನೋ, ಕೆರೆಯ ಕಟ್ಟೆಯ ಪುಟದ ತುಂಬ ತೂಕ ಇಳಿಸುವ ಔಷಧಿ ಸುರಿದು ಹೋಗುತ್ತಿದ್ದರು. ಕೋಕಿಲಾ ಬೆಳಗ್ಗೆ ಎದ್ದು ಬಾಗಿಲ ಮುಂದೆ ಗುಡಿಸುವ ಹಾಗೆ ಅದನ್ನೆಲ್ಲ ಅಳಿಸಿ ಆಫೀಸಿಗೆ ಹೋಗುತ್ತಿದ್ದಳು. ಒಂದು ವರ್ಷ ಹೀಗೇ ಕಳೆಯಿತು.

"ಸಾಕು ಬಿಡಮ್ಮಾ, ಆ ಹುಡುಗಿ ಮಕ್ಕಳು ಮರಿ ಅಂತ ಎಲ್ಲೋ ಸುಖವಾಗಿರ್ತಾಳೆ" ಎಂದು ತಂದೆ ಹೇಳಿ ನೋಡಿದರು. ವಿಶ್ರುತನೂ, "ಈ ಭಾನುವಾರ ಬಂದು ಲಾಕ್ ಮಾಡ್ಬಿಡ್ತೀನಿ ಮೇಡಂ, ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ" ಅಂದ. ಕೋಕಿಲಾ ಸೋತಿದ್ದಳು. ಆಗಲಿ ಅಂದಳು. ಅಂದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಭಾನುವಾರ ವಿಶ್ರುತ ಬರುವುದಕ್ಕೆ ಮೊದಲು ಕೊನೆಯ ಸಲ ಗುಡಿಸಲು ಕೂತಳು. ಮಾರ್ಕೆಟ್ಟಿನ ಪುಟದಲ್ಲಿ ಏನೋ ಬೋಳು ಬೋಳು ಅನ್ನಿಸಿತು. ಮತ್ತೆ ನೋಡಿದಳು. ವಾಜಿದಾ ಎಂಬ ಹೆಸರಿನ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ. ಗುಳಿಗೆಯವರು ಇಲ್ಲಿಗೂ ಕೈಯಿಟ್ಟರಾ ಎಂದು ಸಿಟ್ಟಿನಿಂದ ಒತ್ತಿದಳು. ಬಿಳಿಯ ಪುಟ ತೆರೆಯಿತು. ಅದರಲ್ಲಿ ಒಂದೇ ಪದ, ಕನ್ನಡದಲ್ಲಿ.

ನಕ್ಕೋ.

ವಿಶ್ರುತ ಬಂದು ಹೆಲ್ಮೆಟ್ ಇಡುತ್ತಾ ಅವಳ ಹೆಗಲ ಮೇಲಿಂದ ಬಗ್ಗಿ ಓದಿದ. ಅವನು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವನು. "ಯಾರೋ ಬೇಡ ಅಂತಿದಾರಲ್ಲ ಮೇಡಂ. ಯಾರಿಗೋ ಇಷ್ಟ ಆಗಿಲ್ಲ ಅನ್ಸುತ್ತೆ. ಅಳಿಸ್ಲಾ?"

"ಬೇಡ ಅಂತ ಎಲ್ಲಿದೆಯೋ?" ವೆಂಕಟಸುಬ್ಬಯ್ಯನವರು ಕನ್ನಡಕ ಏರಿಸಿಕೊಂಡು ಬಂದರು. "ನಕ್ಕೋ ಅಂತ ಇದೆ, ನೋಡು. ನಗು ಅಂತಿದಾರೆ ಪಾಪ ಯಾರೋ."

ಇಬ್ಬರೂ ಕೋಕಿಲಾಳ ಮುಖ ನೋಡಿದರು.

ವಾಜಿದಾ ಬದುಕಿದ್ದಾಳೆ. ಎಲ್ಲವನ್ನೂ ಓದಿದ್ದಾಳೆ, ಕಟ್ಟೆ, ಕ್ಲಾಸು, ಎಣ್ಣೆಯ ವಾಸನೆ. ಆದರೆ ಫೋನ್ ನಂಬರಿಲ್ಲ, ಊರಿನ ಹೆಸರಿಲ್ಲ. ಮನಸ್ಸಿದ್ದರೆ ಬರೆಯಲು ಎಷ್ಟು ಹೊತ್ತು? ತನ್ನ ಹೆಸರು ಹೀಗೆ ಬಯಲಲ್ಲಿರುವುದು ಅವಳಿಗೆ ಯಾಕೆ ಬೇಡವೋ, ಅವಳ ಮನೆ ಎಂಥದೋ. ಬಾಗಿಲು ಹಾಕಿದರೆ ಅವಳು ಇನ್ನೊಮ್ಮೆ ಬರಲಾರಳು. ಹಾಕದಿದ್ದರೆ ಅವಳ ಮಾತು ಮೀರಿದಂತೆ.

"ಪೆನ್‌ಡ್ರೈವ್‌ಗೆ ಹಾಕಿ ವಿಶ್ರುತ್. ಇಲ್ಲಿರೋದೆಲ್ಲ ತೆಗೆದ್ಬಿಡಿ."

"ಮತ್ತೆ ಅವ್ರು ಬಂದ್ರೆ ಮೇಡಂ?"

ಕೋಕಿಲಾ ಪೆನ್‌ಡ್ರೈವ್ ಎತ್ತಿ ಅವನ ಕೈಗೆ ಕೊಟ್ಟಳು. ವಿಶ್ರುತ ಒಂದೊಂದೇ ಪುಟವನ್ನು ಒಳಗೆ ತಂದ. ಆ ಒಂದು ಪದದ ಪುಟವನ್ನು ಮಾತ್ರ ಕೋಕಿಲಾ ತಾನೇ ತಂದಳು. ಮಾರ್ಕೆಟ್ಟು, ಹೈಸ್ಕೂಲು, ಕೆರೆ, ಎಲ್ಲವೂ ಸಣ್ಣದೊಂದು ಫೈಲಿನಲ್ಲಿ ಬಂದು ಕೂತವು. ಹೊರಗಿನದನ್ನು ಅವನು ಅಳಿಸಿದ. ಬೇಡ ಅಂದದ್ದನ್ನು ಕೋಕಿಲಾ ನಡೆಸಿಕೊಟ್ಟಳು.

ಇನ್ನೊಂದು ಅರ್ಥ ಉಳಿದಿತ್ತು. ಕಣ್ಣಿನಿಂದ ನೀರು ಇಳಿಯುತ್ತಿದ್ದರೂ ಅವಳು ಅದನ್ನೂ ನಡೆಸಿಕೊಟ್ಟಳು, ತುಮಕೂರಿನಿಂದ ಆಗಷ್ಟೇ ಬಂದ ಹುಡುಗಿಯ ಹಾಗೆ, ಹಲ್ಲೆಲ್ಲ ಕಾಣುವಂತೆ.