ಜಟ್ಟೆಮ್ಮನ ಎರಡನೆಯ ಬ್ರೇಕು

ಜಟ್ಟೆಮ್ಮ ಮನುಷ್ಯರನ್ನು ಪಾದದಿಂದ ಓದತೊಡಗುತ್ತಾಳೆ; ಮುಖಕ್ಕೆ ಬರುವುದು ಆಮೇಲೆ, ಅದೂ ಅಗತ್ಯ ಬಿದ್ದರೆ. ರಾಮಮೂರ್ತಿ ನಗರದ ನಮ್ಮ ಬೀದಿಯಲ್ಲಿ ಯಾರೇ ಎದುರಾಗಲಿ, ಆಕೆಯ ದೃಷ್ಟಿ ಮೊದಲು ನೆಲಕ್ಕಿಳಿದು, ಚಪ್ಪಲಿಯ ಯಾವ ಅಂಚು ಸವೆದಿದೆ, ಹೆಜ್ಜೆಯೂರುವಾಗ ಹಿಮ್ಮಡಿ ಮೊದಲೋ ಬೆರಳು ಮೊದಲೋ ಎಂಬುದನ್ನೆಲ್ಲ ಪರಿಶೀಲಿಸಿ, ಸಾವಕಾಶವಾಗಿ ಮೇಲೇರುತ್ತದೆ. “ಆ ಹುಡುಗಿ ಹೆಜ್ಜಿ ಎಳೀತಾಳ. ಕ್ಲಚ್ ಸುಡತಾಳ ನೋಡು ನಾಳಿ” ಎಂದು ಆಕೆ ನುಡಿದ ಭವಿಷ್ಯ ತಿಂಗಳೊಪ್ಪತ್ತಿನಲ್ಲಿ ನಿಜವಾದದ್ದುಂಟು.

ಸೀರೆಯ ಮೇಲೊಂದು ಗಂಡಸರ ಖಾಕಿ ಕೋಟು ಆಕೆಯ ನಿತ್ಯದ ಉಡುಗೆ. ಅದರ ನಾಲ್ಕು ಜೇಬುಗಳಲ್ಲಿ ಎರಡು ನಟ್ಟು ಬಿಗಿಯುವ ಪಾನಾಗಳಿಗೆ, ಒಂದು ಉಪ್ಪುಕಾಗದದ ಚೂರುಗಳಿಗೆ, ಉಳಿದೊಂದು ಎಲೆಯಡಿಕೆಗೆ ಮೀಸಲು. ಕೈ ಎಂದೂ ಜೇಬು ತಪ್ಪಿದ್ದಿಲ್ಲ. ಯಾದಗಿರಿ ಕಡೆಯಿಂದ ಗಂಡ ಚಂದ್ರಾಮಪ್ಪನೊಡನೆ ಕಟ್ಟಡದ ಕೆಲಸಕ್ಕೆಂದು ಬಂದ ಈಕೆ, ಆಮೇಲೆ ಹನ್ನೆರಡು ವರ್ಷ ಇಂದಿರಾನಗರದ ಮನೆಗಳಲ್ಲಿ ಕಾರು ತೊಳೆದವಳು. ಮೆಕ್ಯಾನಿಕ್ಕು ಬಂದು ಬಾನೆಟ್ಟು ಎತ್ತಿದಾಗಲೆಲ್ಲ ಬಕೆಟ್ಟು ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದಳು. ನೀರು ತಣ್ಣಗಾಗುತ್ತಿತ್ತು, ವಿದ್ಯೆ ಒಳಗಿಳಿಯುತ್ತಿತ್ತು. ಹಾಗೆ ತೊಳೆದ ಮನೆಯೊಂದರಲ್ಲಿ, ಮರದಡಿ ನಾಲ್ಕು ಮಳೆಗಾಲ ಕಳೆದು ಹಕ್ಕಿಗಳ ಹಿಕ್ಕೆಯಲ್ಲಿ ಬಣ್ಣವನ್ನೇ ಮರೆತಿದ್ದ ಚಿಕ್ಕ ಕಾರೊಂದು ಗುಜರಿಗೆ ಹೊರಟು ನಿಂತಾಗ, “ನನಗ ಕೊಡ್ರಿ” ಎಂದು ಕೇಳಿ ಪಡೆದಳು.

ಆ ಕಾರನ್ನು ಆಕೆ ರಿಪೇರಿ ಮಾಡಿದಳೆನ್ನುವುದಕ್ಕಿಂತ ಬೀದಿಯ ನಡುವೆ ಮತ್ತೊಮ್ಮೆ ಹುಟ್ಟಿಸಿದಳೆನ್ನುವುದು ಸರಿ. ಬ್ಯಾಟರಿಯ ತುದಿಗಳಲ್ಲಿ ಬೂಷ್ಟಿನಂತೆ ಕಟ್ಟಿದ್ದ ಬಿಳಿಯ ಹುಡಿಯನ್ನು ಬಿಸಿನೀರಿನಿಂದ ತೊಳೆದಳು. ಮಬ್ಬುಗಟ್ಟಿದ ಹೆಡ್‌ಲೈಟುಗಳನ್ನು ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕಿ ಕಣ್ಣು ಬರಿಸಿದಳು. ಹರಿದ ಸೀಟುಗಳಿಗೆ ಲಾರಿಯ ತಾಡಪಾಲು ಕತ್ತರಿಸಿ ತಾನೇ ಹೊಲಿದಳು. ಚಕ್ರಕ್ಕೆ ಇಟ್ಟಿಗೆಯ ಅಡ್ಡಕೊಟ್ಟು, ಜಾಕಿಯ ಮೇಲೆ ಕಾರನ್ನೆತ್ತಿ, ಬ್ರೇಕಿನ ಸವೆದ ಪಟ್ಟಿಗಳನ್ನು ಬದಲಿಸುವ ಹೊತ್ತಿಗೆ ಎದುರು ಮನೆಗಳ ಹೆಂಗಸರು ಅಕ್ಕಿ ಆರಿಸುವ ಮೊರಗಳನ್ನು ಹಿಡಿದು ಸುತ್ತ ಕುಳಿತಿರುತ್ತಿದ್ದರು. ಬಿಡಿಭಾಗಗಳಿಗೆ ಶಿವಾಜಿನಗರದ ಹಳೆಯ ಸಾಮಾನಿನ ಅಂಗಡಿಯ ಓವೈಸ್ ಇದ್ದ. ಬಾಗಿಲಿನ ಹಿಡಿ ಒಂದು ಕಂಪನಿಯದು, ಕನ್ನಡಿ ಇನ್ನೊಂದರದು ಎಂದಾಗ ಆತ ನಗುತ್ತಿದ್ದ: “ಏನಮ್ಮಾ, ಇದು ಕಾರಾ, ಶಾದಿ ಮನೇನಾ? ಒಂದೊಂದು ಪಾತ್ರೆ ಒಂದೊಂದು ಮನೇದು!”

“ಊಟ ಬಡಸ್ತದಿಲ್ಲೋ? ಸುಮ್ಮ ಕೂಡು” ಎಂಬುದು ಜಟ್ಟೆಮ್ಮನ ಉತ್ತರ.

ಕಾರು ಸಿದ್ಧವಾದ ಮೇಲೆ ಬೀದಿಯ ಹೆಂಗಸರಿಗೆ ಅದನ್ನು ಓಡಿಸಲು ಕಲಿಸತೊಡಗಿದಳು. ಅವಳು ಸ್ವತಃ ಕಲಿತದ್ದು ಇಂದಿರಾನಗರದ ಒಬ್ಬ ಡ್ರೈವರನ ಬೈಗುಳದಲ್ಲಿ. ಕಿವಿಯಲ್ಲಿ ಬೈಗುಳ ತುಂಬಿದಾಗ ಕಾಲಿಗೆ ಏನೂ ತಿಳಿಯುವುದಿಲ್ಲವೆಂಬುದು ಆ ದಿನಗಳು ಕೊಟ್ಟ ಪಾಠ. ಆದ್ದರಿಂದ ಆಕೆ ಎರಡನೆಯ ಬ್ರೇಕನ್ನು ನಿರ್ಮಿಸಿದಳು. ಕಲಿಸುವಾಗ ತಾನು ಕೂರುವ ಎಡಗಡೆಯ ಸೀಟಿನ ಮುಂದೆ ನೆಲಕ್ಕೆ ಕಬ್ಬಿಣದ ಹಲಗೆಯೊಂದನ್ನು ಬಿಗಿದು, ಅದರ ಮೇಲೆ ಓವೈಸನಲ್ಲಿ ಸಿಕ್ಕ ಪೆಡಲನ್ನು ನಿಲ್ಲಿಸಿ, ಅಲ್ಲಿಂದ ಡ್ರೈವರನ ಬ್ರೇಕಿಗೆ ಉಕ್ಕಿನ ಸರಳೊಂದನ್ನು ಸೇರಿಸಿದಳು. ಮೊದಲ ಸಲ ಸರಳು ಬಾಗಿತು, ಎರಡನೆಯ ಸಲ ಬೆಸುಗೆ ಬಿಟ್ಟಿತು, ಮೂರನೆಯದು ನಿಂತಿತು. ಸರಳಿನ ತುದಿಯನ್ನು ಹಿಡಿದಿದ್ದುದು ಕಿರುಬೆರಳುದ್ದದ ಒಂದು ಪಿನ್ನು. “ಬೈಯೋ ಬಾಯಿಗಿಂತ ಹಿಡಿಯೋ ಕಾಲು ಛಲೋ” ಎನ್ನುತ್ತಿದ್ದಳು. ತಾನು ಮಾಡಿದ ನೂರು ಕೆಲಸಗಳಲ್ಲಿ ಬಂದವರಿಗೆಲ್ಲ ಬಾಗಿಲು ತೆರೆದು ತೋರಿಸುತ್ತಿದ್ದುದು ಇದೊಂದನ್ನೇ.

ಭವ್ಯ ಆಕೆಯ ಬಳಿ ಬಂದದ್ದು ಕಳೆದ ಚಳಿಗಾಲದಲ್ಲಿ. ಹಲಸೂರಿನ ಹುಡುಗಿ, ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಬಿಲ್ಲು ಹಾಕಿ ಕಾಲಿನ ನರ ಉಬ್ಬಿದವಳು. ಮನೆಯ ಹತ್ತಿರದ ಶಿಶುವಿಹಾರವೊಂದು ಜೂನಿನಿಂದ ತನ್ನ ವ್ಯಾನಿಗೆ ಹೆಣ್ಣು ಡ್ರೈವರು ಬೇಕೆಂದಿತ್ತು. ಲೈಸೆನ್ಸು ತಂದರೆ ಕೆಲಸ ಅವಳದು. ಎರಡೇ ತಿಂಗಳಲ್ಲಿ ಭವ್ಯ ಸಂತೆಯ ನಡುವೆಯೂ ಕಾರು ನಡೆಸುವಷ್ಟು ಪಳಗಿದಳು. ಆದರೆ ಪರೀಕ್ಷೆಯಲ್ಲಿ ಮೊದಲ ಸಲ ಇಳಿಜಾರಿನ ಗೆರೆ ದಾಟಿ ಹೋದಳು, ಎರಡನೆಯ ಸಲ ಕಂಬಕ್ಕೆ ತಾಗಿಸಿದಳು. “ನಿಮ್ ಜೊತೆ ಇದ್ರೆ ಗಾಡಿ ಬೆಣ್ಣೆ ಥರ ನಿಲ್ಲುತ್ತೆ ಅಕ್ಕ. ಅಲ್ಲಿ ಏನಾಗುತ್ತೋ ಗೊತ್ತಿಲ್ಲ” ಎಂದು ಅತ್ತಳು. ಮೂರನೆಯ ಸಲವೂ ತಪ್ಪಿದರೆ ಮತ್ತೆ ಎರಡು ತಿಂಗಳು ಕಾಯಬೇಕಿತ್ತು, ಶಿಶುವಿಹಾರ ಕಾಯುತ್ತಿರಲಿಲ್ಲ.

ಮರುದಿನದ ಪಾಠದಲ್ಲಿ ಜಟ್ಟೆಮ್ಮ ರಸ್ತೆಗಿಂತ ಹೆಚ್ಚಾಗಿ ಭವ್ಯಳ ಬಲಗಾಲನ್ನೇ ನೋಡುತ್ತ ಕುಳಿತಳು. ಎದುರಿಗೆ ಆಟೋ ಅಡ್ಡ ಬಂತು, ಕಾಲು ಅಲುಗಲಿಲ್ಲ. ನಾಯಿಯೊಂದು ಓಡಿತು, ಕಾಲು ಅಲುಗಲಿಲ್ಲ. ಎರಡೂ ಸಲ ಕಾರನ್ನು ನಿಲ್ಲಿಸಿದ್ದು ಎಡಗಡೆಯ ಪೆಡಲು. ಹುಡುಗಿಯ ಕಾಲು ಮೈಗಳ್ಳತನದಿಂದ ಸುಮ್ಮನಿರಲಿಲ್ಲ, ಕಾಯುತ್ತಿತ್ತು. ತನಗಿಂತ ಮೊದಲು ಎಚ್ಚರಗೊಳ್ಳುವ ಇನ್ನೊಂದು ಕಾಲು ಪಕ್ಕದಲ್ಲಿದೆಯೆಂಬ ವಿಶ್ವಾಸದಲ್ಲಿ ಅದು ನಿಶ್ಚಿಂತೆಯಾಗಿ ಮಲಗಿತ್ತು.

ಆಮೇಲಿನ ಮೂರು ದಿನ ಜಟ್ಟೆಮ್ಮ ಕಾರಿನ ಬಳಿ ಸುಳಿಯಲಿಲ್ಲ. “ಏನಾಗ್ಯದ ನಿನಗ? ಕಾರಿಗಿ ಹರಕಿ ಹೊತ್ತೀ ಏನು?” ಎಂದು ಚಂದ್ರಾಮಪ್ಪ ಕೆಣಕಿದ.

“ನಾ ಕಟ್ಟಿದ್ದೇ ಆಕಿ ಕಾಲು ಕಟ್ಟಿ ಹಾಕ್ಯದ” ಎಂದಳು ಜಟ್ಟೆಮ್ಮ.

ಭಾನುವಾರ ನಸುಕಿನಲ್ಲಿ ಆಕೆ ಎಡ ಸೀಟಿನ ಮುಂದೆ ತೂರಿಕೊಂಡು ಸರಳಿನ ಪಿನ್ನನ್ನು ಕಳಚಿದಳು. ಪೆಡಲು ಇದ್ದಲ್ಲೇ ಇತ್ತು, ನೋಡಿದವರಿಗೆ ಏನೂ ತಿಳಿಯುವಂತಿರಲಿಲ್ಲ. ಹಲಸೂರಿಗೆ ಹೋಗಿ ಭವ್ಯಳನ್ನು ಕೂರಿಸಿಕೊಂಡು, ಕೆರೆಯ ಸುತ್ತಿನ ಜನವಿರಳ ರಸ್ತೆಯಲ್ಲಿ ಕಾರು ಬಿಡಲು ಹೇಳಿ, ತಾನು ಹ್ಯಾಂಡ್‌ಬ್ರೇಕಿನ ಮೇಲೆ ಅಂಗೈಯಿಟ್ಟು ಕುಳಿತಳು. ಎರಡನೆಯ ಸುತ್ತಿನಲ್ಲಿ ಗಲ್ಲಿಯೊಂದರಿಂದ ಹಾಲಿನ ಟೆಂಪೋ ಹಿಮ್ಮುಖವಾಗಿ ರಸ್ತೆಗೆ ಬಂತು. ಜಟ್ಟೆಮ್ಮನ ಕಾಲು ಅಭ್ಯಾಸಬಲದಿಂದ ಪೆಡಲನ್ನೊತ್ತಿತು. ಪೆಡಲು ಸೋತು ನೆಲ ಮುಟ್ಟಿತು. ಕಾರು ಸಾಗುತ್ತಲೇ ಇತ್ತು. ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸಿದಳು, ಮೂರಕ್ಕೆ ಹ್ಯಾಂಡ್‌ಬ್ರೇಕು ಎಳೆಯುವುದೆಂದು. ಮೂರು ಬರುವ ಮೊದಲೇ ಭವ್ಯಳ ಕಾಲು ಬ್ರೇಕಿನ ಮೇಲೆ ಬಿತ್ತು. ಎಂಜಿನ್ನು ಕೆಮ್ಮಿ ನಿಂತಿತು. ಟೆಂಪೋಗೂ ಕಾರಿಗೂ ನಡುವೆ ಒಬ್ಬರು ಅಡ್ಡ ನಡೆಯುವಷ್ಟು ಜಾಗ ಉಳಿದಿತ್ತು.

“ಅಕ್ಕಾ! ಯಾಕೆ ಹಿಡೀಲಿಲ್ಲ?”

“ಹಿಡೀಲಾಕ ನನ್ನ ಕಡಿ ಬ್ರೇಕೇ ಇಲ್ಲ ತಂಗಿ. ನಸಕಿನ್ಯಾಗ ತಗದೀನಿ.”

“ಹೇಳೋಕೇನ್ರೀ ರೋಗ? ಸಾಯಿಸ್ಬಿಡ್ತಿದ್ರಲ್ಲ ನನ್ನ!”

“ಹೇಳಿದ್ರ ನೀ ಗಾಡೀನೇ ಹತ್ತತಿರಲಿಲ್ಲ.”

“ಇನ್ನೇನೇನ್ ಬಿಚ್ಚಿಟ್ಟಿದ್ದೀರಾ? ಸ್ಟೇರಿಂಗ್ ಆದ್ರೂ ಇದ್ಯಾ?”

“ಅದು ನಿನ್ನ ಕೈಯಾಗೇ ಅದ, ನೋಡಕೋ.”

ಭವ್ಯ ನಗಲಿಲ್ಲ. ಕಣ್ಣೊರೆಸಿಕೊಂಡು, ಕಾರು ಚಾಲೂ ಮಾಡಿ, ಪಕ್ಕದಲ್ಲಿ ಒಬ್ಬಳು ಕುಳಿತಿರುವುದನ್ನೇ ಮರೆತವಳಂತೆ ಮತ್ತೆ ನಾಲ್ಕು ಸುತ್ತು ಹೊಡೆದಳು. ಪ್ರತಿಯೊಂದು ಉಬ್ಬಿಗೂ ತಿರುವಿಗೂ, ರಸ್ತೆ ದಾಟುವ ಮುದುಕರಿಗೂ ಸಿಟ್ಟಿನಿಂದಲೇ ಬ್ರೇಕು ಒತ್ತಿದಳು. ಅಂದಿನಂತೆ ಅವಳು ಎಂದೂ ಕಾರು ಓಡಿಸಿರಲಿಲ್ಲ. ಮರುವಾರ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಸಿಹಿ ಹಂಚಿದ್ದು ಮಾತ್ರ ನಮ್ಮ ಬೀದಿಗೆಲ್ಲ, ಜಟ್ಟೆಮ್ಮನ ಮನೆಯೊಂದನ್ನು ಬಿಟ್ಟು.

ಈಗವಳು ಶಿಶುವಿಹಾರದ ವ್ಯಾನು ಓಡಿಸುತ್ತಾಳೆ. ಕೇಳಿದವರಿಗೆ, “ಲೈಸೆನ್ಸ್ ಬಂದಿದ್ದು ನನ್ನ ಹಠದಿಂದ ಕಣ್ರೀ. ಆಯಮ್ಮ ನನ್ನ ಕೆರೆಗೇ ಹಾಕೋಕೆ ಹೋಗಿದ್ರು” ಎನ್ನುತ್ತಾಳೆ, ಅರ್ಧ ನಗೆಯಲ್ಲಿ, ಅರ್ಧ ನಿಜದಲ್ಲಿ. ಯಾರೋ ಈ ಮಾತನ್ನು ಹೊತ್ತು ತಂದಾಗ ಜಟ್ಟೆಮ್ಮ ಕಾರಿನಡಿ ಮಲಗಿ ಸೈಲೆನ್ಸರಿನ ತೂತಿಗೆ ಡಬ್ಬಿಯ ತಗಡು ಸುತ್ತುತ್ತಿದ್ದಳು. ಕೆಳಗಿನಿಂದಲೇ ಕೇಳಿದಳು: “ಇಳಿಜಾರಿನ್ಯಾಗ ಗಾಡಿ ನಿಲ್ಲಸ್ತಾಳಿಲ್ಲೋ?” ನಿಲ್ಲಿಸುತ್ತಾಳೆ ಎಂದಾಗ ತಗಡಿನ ಇನ್ನೊಂದು ಸುತ್ತು ಬಿಗಿದಳು.

ಕೈಕಸುಬಿನವರಿಗೆ ತಮ್ಮ ಸೃಷ್ಟಿಯ ಮೇಲೆ ಮೋಹ ಹೆಚ್ಚು. ಯಾರಿಗಾಗಿ ಮಾಡಿದೆವೋ ಅವರನ್ನು ಮರೆತು, ಮಾಡಿದ್ದನ್ನೇ ಕಾಪಾಡಿಕೊಂಡು ಕೂರುವುದು ಅವರಿಗೆ ಸುಲಭ. ಅದರಲ್ಲಿ ಯಾರೂ ತಪ್ಪನ್ನೂ ಕಾಣುವುದಿಲ್ಲ. ಆದರೆ ತಮ್ಮ ಉತ್ತಮೋತ್ತಮ ಕೆಲಸವನ್ನು ಸಮಯ ಬಂದಾಗ ತಾವೇ ಕಳಚಬಲ್ಲವರೂ ಅಪರೂಪಕ್ಕೆ ಸಿಗುತ್ತಾರೆ. ಅಂಥವರು ಗುರುಗಳೆನಿಸಿಕೊಳ್ಳುವುದಿಲ್ಲ, ಬಹುಮಟ್ಟಿಗೆ ದೂರಿಗೇ ಗುರಿಯಾಗುತ್ತಾರೆ. ಅವರ ಕೈಯಲ್ಲಿ ಕಲಿತವರು ತಾವಾಗಿಯೇ ಕಲಿತೆವೆಂದು ನಂಬಿರುತ್ತಾರೆ. ಯೋಚಿಸಿ ನೋಡಿದರೆ, ಆ ನಂಬಿಕೆ ಸುಳ್ಳೇನೂ ಅಲ್ಲ.