ಕುಬಸದ ದಿನದ ಚಳಿಜ್ವರ

ಅಂಬಿಕಾಗೆ ಚಳಿಜ್ವರ ಬರುತ್ತಿದ್ದುದು ಒಂದು ದಿನ ಬಿಟ್ಟು ಒಂದು ದಿನ, ಮಧ್ಯಾಹ್ನ ಮೂರರ ಆಸುಪಾಸಿಗೆ. ಮೊದಲು ಬೆರಳ ತುದಿ ತಣ್ಣಗಾಗುತ್ತಿತ್ತು, ಆಮೇಲೆ ಹಲ್ಲು ಕಟಕಟ ಅನ್ನುತ್ತಿತ್ತು. ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲುತ್ತಿರಲಿಲ್ಲ. ಐದಕ್ಕೆ ಮೈ ಕೆಂಡ, ಏಳಕ್ಕೆ ಬೆವರಿ ನೈಟಿಯೆಲ್ಲ ಒದ್ದೆ. ಮರುದಿನ ಎದ್ದು ಏನೂ ಆಗಿಲ್ಲದವಳಂತೆ ಬಟ್ಟೆ ಒಗೆಯುತ್ತಿದ್ದಳು.

ಹಾಗಾಗಿ ಅತ್ತೆ ಮೂಕಮ್ಮನಿಗೆ ಅದು ನಾಟಕವಾಗಿ ಕಂಡಿತು. ತಮ್ಮೂರು ಗೋವಿನಕೋವಿಯ ಮೆಕ್ಕೆಜೋಳದ ಕಣಕ್ಕೆ ಕೂಲಿಗೆ ಹೋದಲ್ಲೆಲ್ಲ, ತನ್ನ ಸೊಸೆಯ ಜ್ವರ ದಿನ ಬಿಟ್ಟು ದಿನ ರಜೆ ಹಾಕುತ್ತದೆ ಎಂದು ಹೇಳಿ ಹೆಂಗಸರನ್ನು ನಗಿಸುತ್ತಿದ್ದಳು. ಭಾನುವಾರ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡೂ ಹೋಗಿದ್ದಳು. ಅದು ಜ್ವರವಿಲ್ಲದ ದಿನ. ಡಾಕ್ಟರು ಥರ್ಮಾಮೀಟರ್ ನೋಡಿ ಟಾನಿಕ್ ಬರೆದುಕೊಟ್ಟು ಕಳಿಸಿದರು. ಮೂಕಮ್ಮನಿಗೆ ಅಷ್ಟು ಸಾಕಾಯಿತು.

ಅಂಬಿಕಾಗೆ ಏಳನೇ ತಿಂಗಳು, ಚೊಚ್ಚಲು. ಜ್ವರ ಬಂದ ದಿನ ಹೊಟ್ಟೆಯೊಳಗಿನ ಕೂಸು ಮಿಸುಕಾಡುವುದು ಕಡಿಮೆಯಾಗುತ್ತಿತ್ತು. ಅವಳನ್ನು ಹೆದರಿಸಿದ್ದು ಅದೊಂದೇ. ಅದನ್ನೂ ಅತ್ತೆಗೆ ಹೇಳಿದಳು. ತಾನೂ ಹೊಟ್ಟೆ ಹೊತ್ತವಳೇ, ಕೂಸಿಗೂ ನಿದ್ದೆ ಬೇಡವೇ ಎಂದು ಮೂಕಮ್ಮ ತಳ್ಳಿಹಾಕಿದಳು.

ಬುಧವಾರದ ಜ್ವರ ಇಳಿದ ಮೇಲೆ ಮೂಕಮ್ಮ ಒಂದು ಗುಳಿಗೆ ಹಾಳೆ ತಂದು ಮುಂದಿಟ್ಟಳು. ಅದು ಮಗ ದುರುಗೇಶನದು. ಗಂಡ ಹೆಂಡತಿ ನಾಲ್ಕು ತಿಂಗಳು ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾಗ ಅವನಿಗೆ ಮಲೇರಿಯಾ ಆಗಿತ್ತು. ಹದಿನಾಲ್ಕು ದಿನ ನುಂಗಲು ಕೊಟ್ಟ ಗುಳಿಗೆಗಳನ್ನು ಅವನು ಆರನೇ ದಿನಕ್ಕೆ ನಿಲ್ಲಿಸಿ, ಉಳಿದದ್ದನ್ನು ಹೆಂಡತಿಯ ಬ್ಯಾಗಿಗೆ ಹಾಕಿ ಊರಿಗೆ ಕಳಿಸಿದ್ದ. ಅಲ್ಲೇ ಉಳಿದಿದ್ದ ಅವನೂ ಫೋನಿನಲ್ಲಿ ಅದನ್ನೇ ನುಂಗು ಎಂದ.

"ಅದೇ ಜ್ವರ, ಅದೇ ಗುಳಿಗೆ. ನಾಟಕ ಅಲ್ಲಾಂದ್ರೆ ನುಂಗು," ಎಂದಳು ಮೂಕಮ್ಮ.

"ಅವರು ಬಸುರಿ ಅಲ್ಲ ಅತ್ತೆ. ಗೊತ್ತಿದ್ದೋರನ್ನ ಕೇಳ್ದೆ ನಾನು ನುಂಗಲ್ಲ."

ಗುರುವಾರ ಬೆಳಿಗ್ಗೆ ಅಂಬಿಕಾ ಆ ಹಾಳೆ ಹಿಡಿದು ಆಶಾ ಕಾರ್ಯಕರ್ತೆ ಚೈತ್ರಶ್ರೀ ಮನೆಗೆ ಹೋದಳು. ಚೈತ್ರಶ್ರೀ ಹಾಳೆ ನೋಡಿದವಳೇ ಕಿತ್ತುಕೊಂಡಳು. ಬಸುರಿಯರಿಗೆ ಇದನ್ನು ಕೊಡಲೇಬಾರದು, ಹೊಟ್ಟೆಯೊಳಗಿನ ಕೂಸಿನ ರಕ್ತ ಒಡೆಯಬಹುದು ಎಂದಳು. ಮಲೇರಿಯಾ ಹೌದೋ ಅಲ್ಲವೋ ನೋಡಲು ಬೆರಳಿನಿಂದ ಒಂದು ಹನಿ ರಕ್ತ ಸಾಕು, ಆದರೆ ತನ್ನಲ್ಲಿ ಕಿಟ್ ಮುಗಿದಿದೆ, ಈಗಲೇ ಹೊನ್ನಾಳಿ ಆಸ್ಪತ್ರೆಗೆ ನಡಿ ಎಂದಳು.

ಮನೆಯಲ್ಲಿ ಮೂಕಮ್ಮ ಒಪ್ಪಲಿಲ್ಲ. ಮರುದಿನ ಅಂಬಿಕಾಳ ಕುಬಸ, ಚೊಚ್ಚಲ ಬಸುರಿಯ ಸೀಮಂತ. ಜಗಳೂರಿನಿಂದ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ಹೊತ್ತು ಬರುತ್ತಾರೆ. ಹಿಂದಿನ ದಿನ ಬಸುರಿ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಂದರೆ ನೆಂಟರ ಮುಂದೆ ಏನು ಹೇಳುವುದು, ಸೊಸೆಯನ್ನು ಸರಿಯಾಗಿ ನೋಡಿಕೊಂಡಿಲ್ಲ ಎಂದೇ ಅವರು ತಿಳಿಯುತ್ತಾರೆ ಎಂದು ಬಾಗಿಲಲ್ಲಿ ಕುಳಿತಳು. ಆಟೋಗೆ ದುಡ್ಡೂ ಅವಳ ಹತ್ತಿರವೇ ಇತ್ತು.

ಅಂಬಿಕಾ ಜಗಳಕ್ಕೆ ನಿಲ್ಲಲಿಲ್ಲ. ಚೈತ್ರಶ್ರೀಗೆ ಫೋನ್ ಮಾಡಿದಳು.

"ಅಕ್ಕಾ, ನಾಳೆ ಕಿಟ್ ತಗೊಂಡು ಕುಬಸಕ್ಕೇ ಬಂದುಬಿಡು. ಮೂರು ಗಂಟೆಗೆ."

"ರಕ್ತ ನೋಡಾಕೆ ಜ್ವರ ಬರೋವರೆಗೂ ಕಾಯ್ಬೇಕಂತೇನಿಲ್ಲ ಕಣೆ. ಇವತ್ತೇ ಕಿಟ್ ತರಿಸ್ಕೊಂಡು ಬೆಳಿಗ್ಗೆನೇ ಬರ್ತೀನಿ."

"ರಕ್ತಕ್ಕಲ್ಲ. ನಮ್ಮತ್ತೆ ಕಣ್ಣಿಗೆ ಕಾಣ್ಬೇಕು. ಇಲ್ಲಾಂದ್ರೆ ನೀ ಕೊಟ್ಟ ಗುಳಿಗೇನೂ ನುಂಗಾಕೆ ಬಿಡಲ್ಲ."

ಶುಕ್ರವಾರ ಜಗಳೂರಿನವರು ಬಂದು ಮುಟ್ಟಿದಾಗಲೇ ಒಂದು ಗಂಟೆ. ಊಟ ಮುಗಿಸಿ ಅಂಬಿಕಾಳನ್ನು ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂರಿಸುವಾಗ ಎರಡೂವರೆ. ಅವಳ ತಾಯಿ ಸಾವಂತ್ರಮ್ಮ ಬಳೆ ಏರಿಸಿದಳು, ಹೆಂಗಸರು ಉಡಿ ತುಂಬಿದರು. ಆರತಿ ಹಾಡು ಎರಡನೇ ಸೊಲ್ಲಿಗೆ ಬಂದಾಗ ಅಂಬಿಕಾಳ ಬಳೆಗಳು ತಾವಾಗಿ ಗಲಗಲ ಅನ್ನತೊಡಗಿದವು. ತುಟಿ ನೀಲಿಯಾಯಿತು, ಉಡಿಯ ಅಕ್ಕಿ ನಡುಗಿ ನಡುಗಿ ನೆಲಕ್ಕೆ ಚೆಲ್ಲಿತು. ಹಾಡು ನಿಂತಿತು.

ಸಾವಂತ್ರಮ್ಮ ಬೀಗಿತ್ತಿಯ ಕಡೆ ತಿರುಗಿ, ಇದು ಎಷ್ಟು ದಿನದಿಂದ ಎಂದು ಕೇಳಿದಳು. ಮೂಕಮ್ಮ ಸೊಸೆಯ ಕೈ ಹಿಡಿದುಕೊಂಡಳು. ಆ ಕೈ ಅವಳ ಹಿಡಿತದಲ್ಲೂ ನಡುಗುತ್ತಿತ್ತು. ಇಂಥ ನಡುಕವನ್ನು ಬೇಕೆಂದು ಯಾರೂ ತರಿಸಿಕೊಳ್ಳಲಾರರು ಎಂದು ಅವಳಿಗೆ ಆಗ ಗೊತ್ತಾಯಿತು. ಅಷ್ಟರಲ್ಲಿ, ಹೇಳಿದ ಹೊತ್ತಿಗೆ ಬಂದಿದ್ದ ಚೈತ್ರಶ್ರೀ ಚೀಲ ಬಿಚ್ಚಿ ಕುಳಿತಿದ್ದಳು. ಬಳೆ ಇಟ್ಟ ಕೈಗೆ ಸೂಜಿ ಚುಚ್ಚಬಾರದೆಂದು ಹಿರಿಯಳೊಬ್ಬಳು ಗೊಣಗಿದಾಗ ಮೂಕಮ್ಮನೇ ಆ ಕೈಯನ್ನು ಮುಂದೆ ಚಾಚಿ, "ಚುಚ್ಚಮ್ಮ ನೀನು," ಎಂದಳು.

ಕಾಲು ಗಂಟೆಯಲ್ಲಿ ಕಿಟ್ಟಿನ ಮೇಲೆ ಎರಡು ಗೆರೆ ಮೂಡಿದವು. ಮಲೇರಿಯಾ.

ಹೊನ್ನಾಳಿಯಲ್ಲಿ ಡಾಕ್ಟರು ಹಸಿರು ಸೀರೆಯ ಬಸುರಿಯನ್ನು ಕೂಡಲೇ ದಾಖಲು ಮಾಡಿಕೊಂಡರು. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಸ್ಕ್ಯಾನಿಂಗಿನಲ್ಲಿ ಕೂಸು ತಿಂಗಳಿಗೆ ತಕ್ಕಷ್ಟು ಬೆಳೆದಿರಲಿಲ್ಲ. ಮಲೇರಿಯಾ ತಾಯಿಯ ರಕ್ತ ಒಡೆಯುತ್ತದೆ, ಮಾಸಿನ ಮೂಲಕ ಕೂಸಿಗೆ ಹೋಗಬೇಕಾದ ಅನ್ನಕ್ಕೂ ಅಡ್ಡ ಬರುತ್ತದೆ, ಬಿಟ್ಟಿದ್ದರೆ ಕೂಸು ಹೊಟ್ಟೆಯಲ್ಲೇ ಹೋಗಬಹುದಿತ್ತು ಎಂದು ಡಾಕ್ಟರು ಮೂಕಮ್ಮನಿಗೆ ನೇರವಾಗಿ ಹೇಳಿದರು. ಮೂರು ದಿನದ ಗುಳಿಗೆಯಿಂದ ಜ್ವರ ನಿಲ್ಲುತ್ತದೆ. ಆದರೆ ಲಿವರಿನಲ್ಲಿ ಅಡಗಿದ ರೋಗವನ್ನು ಬುಡಸಮೇತ ತೆಗೆಯುವ ಔಷಧಿಯನ್ನು ಬಸುರಿಗೆ ಕೊಡುವಂತಿಲ್ಲ. ಜ್ವರ ಮರುಕಳಿಸಿದರೆ ಅದೇ ದಿನ ಬರಬೇಕು.

ಎಂಟನೇ ತಿಂಗಳಲ್ಲಿ ಅದು ಮರುಕಳಿಸಿತು. ಆಗ ಅಂಬಿಕಾ ಯಾರನ್ನೂ ಕೇಳಲಿಲ್ಲ. ಅವಳು ಚಪ್ಪಲಿ ಮೆಟ್ಟುವಷ್ಟರಲ್ಲಿ ಮೂಕಮ್ಮ ಆಟೋ ನಿಲ್ಲಿಸಿದ್ದಳು.

ದಿನ ತುಂಬಲು ಮೂರು ವಾರ ಇರುವಾಗ ಹೊನ್ನಾಳಿಯಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಎರಡು ಕೆಜಿ ನೂರು ಗ್ರಾಂ. ಅದರ ರಕ್ತ ನೋಡಿದರು, ಮಲೇರಿಯಾ ಇರಲಿಲ್ಲ. ತೂಕ ಕಡಿಮೆ ಇದ್ದುದರಿಂದ ಕೂಸನ್ನು ಬೆಚ್ಚಗೆ ಎದೆಗವುಚಿ ಕಟ್ಟಿಕೊಂಡಿರಲು ನರ್ಸ್ ಹೇಳಿಕೊಟ್ಟರು, ತಾಯಿ ದಣಿದಾಗ ಮನೆಯವರು ಯಾರಾದರೂ ಕಟ್ಟಿಕೊಳ್ಳಬಹುದು ಎಂದರು. ಸಾವಂತ್ರಮ್ಮನಿಗಿಂತ ಮೊದಲು ಮೂಕಮ್ಮ ಸೆರಗು ಸರಿಸಿ ಕುಳಿತಳು.

ಐದನೇ ದಿನ ಕೂಸು ನಲವತ್ತು ಗ್ರಾಂ ಹೆಚ್ಚಿತು. ಅಂಬಿಕಾ ಮಂಚದಲ್ಲಿ ಎದ್ದು ಕುಳಿತು ಕೈ ಚಾಚಿದಳು.

"ಕೊಡ್ರಿ ಅತ್ತೆ, ಹಾಲು ಕುಡಿಸ್ಬೇಕು."

"ಈಗಷ್ಟೇ ಮಲಗೈತೆ ಕಣೆ."

"ಎಬ್ಬಿಸಿ ಕುಡಿಸ್ತೀನಿ. ಇದು ಎರಡೂವರೆ ಕೆಜಿ ಆಗೋವರೆಗೂ ನಾ ಹೇಳ್ದಂಗೆ ಕೇಳ್ರಿ."

ಮೂಕಮ್ಮ ಗಂಟು ಬಿಚ್ಚಿ ಕೂಸನ್ನು ಕೊಟ್ಟಳು.